ಮೋಟರ್ ಬಿಟ್ಟೆ, ಬೆರಳು ಬಿಚ್ಚಿತು

ಸ್ಟ್ರೋಕ್ ಆದವರಿಗೆ ಮುಷ್ಟಿ ಕಟ್ಟುವುದಕ್ಕಿಂತ ಬಿಚ್ಚುವುದೇ ಕಷ್ಟ. ಇಂಥ ಕೈಗಳಿಗೆ ಸಾಧನ ಮಾಡುವ ನಮ್ಮ ಕೆಲಸದವರಿಗೆ ಇದೇನು ಹೊಸದಲ್ಲ. ಆದರೂ ಎಲ್ಲರೂ ಮೊದಲು ಹೋಗುವುದು ಮೋಟರ್ ಹತ್ತಿರವೇ ಅಲ್ವಾ? ನಾನೂ ಬೆಂಗಳೂರಿನ ಎಸ್.ಪಿ. ರೋಡಿನಿಂದ ಸರ್ವೊ (ಸಣ್ಣ ಮೋಟರ್) ತಂದು, ಸೈಕಲ್ ಬ್ರೇಕ್ ಕೇಬಲ್ ಕಟ್ಟಿ ಗ್ಲೌಸ್ ಮಾಡಿದೆ. ಬೋರ್ಡು, ಬ್ಯಾಟರಿ ಸೇರಿ 15 ಸಾವಿರದ ಹತ್ತಿರ ಹೋಯಿತು. ಬಿಗಿದ ಮುಷ್ಟಿಗೆ ಅದನ್ನು ತೊಡಿಸುವಷ್ಟರಲ್ಲೇ ಅರ್ಧ ಗಂಟೆ ಮುಗಿಯುತ್ತಿತ್ತು. ಆಮೇಲೆ ಬೆರಳು ಬಿಚ್ಚುತ್ತಿದ್ದದ್ದು ಮೋಟರ್. ರೋಗಿ ಸುಮ್ನೆ ನೋಡುತ್ತಾ ಕೂರುತ್ತಿದ್ದರು.

ಹಾಗಾಗಿ ಸ್ಪ್ರಿಂಗ್‌ಗೆ ಬಂದೆ. ಮುಚ್ಚುವ ಕೆಲಸ ರೋಗಿಯದು, ಬಿಚ್ಚುವುದು ಸ್ಪ್ರಿಂಗಿನದು. "ಎಳೆದಷ್ಟೂ ಬಿಗಿತ ಜಾಸ್ತಿ ಆಗುತ್ತೆ" ಎಂದರು ಥೆರಪಿಸ್ಟ್ ಗೆಳೆಯರು. "ಮೋಟರೇ ಇಲ್ಲದಿದ್ದರೆ ಇದಕ್ಕೆ ದುಡ್ಡು ಯಾರು ಹಾಕ್ತಾರೆ?" ಎಂದರು ಇನ್ನೊಬ್ಬರು. ಯಾರೂ ಹಾಕಲಿಲ್ಲ. ನಾನೇ ಹಾಕಿದೆ.

ರಬ್ಬರ್ ಬ್ಯಾಂಡ್ ವಾರದೊಳಗೆ ಸಡಿಲವಾಯಿತು. ಕೊಡೆ ಕಡ್ಡಿ ಬಗ್ಗಿಸಿ ನೋಡಿದೆ. ಕಿರುಬೆರಳಿಗೆ ಚೆನ್ನಾಗಿತ್ತು, ನಡುಬೆರಳಿಗೆ ಸಾಲಲಿಲ್ಲ. ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿದ ಭಾಗಗಳು ಬಿಸಿಲಲ್ಲಿ ನಿಂತ ಕಾರಿನೊಳಗೆ ಹಪ್ಪಳದ ಹಾಗೆ ಸೊಟ್ಟಗಾದವು. ಕೊನೆಗೆ 4 ಇಂಚಿನ ಪಿವಿಸಿ ಪೈಪ್ ಸೀಳಿ, ಹೀಟ್ ಗನ್‌ನಲ್ಲಿ ಕಾಯಿಸಿ ಮುಂಗೈ ಪಟ್ಟಿ ಮಾಡಿದೆ. ಇಂಥ ಪಟ್ಟಿಗೆ ಬಳಸುವ ಥರ್ಮೋಪ್ಲಾಸ್ಟಿಕ್ (ಬಿಸಿಗೆ ಮೆತ್ತಗಾಗುವ) ಹಾಳೆಯ ಖರ್ಚು ಪೂರ್ತಿ ಉಳಿಯಿತು. ಸ್ಟೀಲ್ ಸ್ಪ್ರಿಂಗ್ ಸುತ್ತಿಸಿದ್ದು ಪೀಣ್ಯದಲ್ಲಿ. ನೂರು ಸ್ಪ್ರಿಂಗಿಗಿಂತ ಕಡಿಮೆ ಮಾಡಿಕೊಡಲ್ಲ ಎಂದರು. ಉಳಿದವು ಇನ್ನೂ ಡಬ್ಬಿಯಲ್ಲಿವೆ.

ಕೆಲಸವೆಲ್ಲ ಇರುವುದು ಮಣಿಕಟ್ಟಿನಲ್ಲಿ. ಅದು ಕೆಳಗೆ ಜೋತರೆ ಬೆರಳು ತಾನಾಗಿಯೇ ಸ್ವಲ್ಪ ಬಿಚ್ಚುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಮಣಿಕಟ್ಟನ್ನು ಸುಮಾರು 30 ಡಿಗ್ರಿ ಮೇಲೆತ್ತಿ ನಿಲ್ಲಿಸಿ, ಆಮೇಲೆ ಬೆರಳಿಗೆ ತೊಡಿಸಿದ ಟೋಪಿಯಿಂದ ಸ್ಪ್ರಿಂಗಿಗೆ ದಾರ ಕಟ್ಟಿ. ದಾರ ಬೆರಳಿನ ಮೂಳೆಗೆ 90 ಡಿಗ್ರಿಯಲ್ಲೇ ಇರಬೇಕು. ಇಲ್ಲದಿದ್ದರೆ ಟೋಪಿ ಜಾರುತ್ತದೆ. ಬುಡದ ಗೆಣ್ಣು ಹಿಂದಕ್ಕೆ ಬಾಗದಂತೆ ಒಂದು ತಡೆಯೂ ಬೇಕು. ಎಳೆತವನ್ನು ನಾನು ನೋಡುವುದು ಲಗೇಜ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ. ಬೆರಳಿಗೆ 300 ಗ್ರಾಂ ಆಸುಪಾಸಿನಿಂದ ಶುರು. ತೆಗೆದು 20 ನಿಮಿಷವಾದರೂ ಕೆಂಪು ಗುರುತು ಹೋಗದಿದ್ದರೆ ಎಳೆತ ಇಳಿಸಿ. ಹೆಬ್ಬೆರಳಿನ ದಾರ ಎಲ್ಲಿಂದ ಹೊರಡಬೇಕು ಅನ್ನೋದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಂಡ್ಯ ಕಡೆಯ ರೈತರೊಬ್ಬರು ಇದನ್ನು ತೊಟ್ಟು, ಟೆನಿಸ್ ಚೆಂಡು ಹಿಡಿದು ಬಕೆಟ್ಟಿಗೆ ಬಿಡುವ ಅಭ್ಯಾಸ ಮಾಡಿದರು. ದಿನಕ್ಕೆ ಒಂದು ಗಂಟೆಯಂತೆ ಎರಡು ತಿಂಗಳಾಗಿರಬೇಕು. ಒಂದು ದಿನ ಪಟ್ಟಿ ಬಿಚ್ಚಿಟ್ಟು ಬರೀ ಕೈಯಲ್ಲೇ ಚೆಂಡು ಹಿಡಿದರು, ಬಿಟ್ಟರು. ಬೇಡ ಎಂದಿದ್ದ ಥೆರಪಿಸ್ಟರೇ ಈಗ ರೋಗಿಗಳ ಅಳತೆ ಕಳಿಸುತ್ತಾರೆ. ಒಂದಕ್ಕೆ ಮೂರೂವರೆ ಸಾವಿರದೊಳಗೆ ಮುಗಿಯುತ್ತದೆ. ಸ್ವಲ್ಪವಾದರೂ ತಾವಾಗಿ ಮುಷ್ಟಿ ಬಿಗಿಸಬಲ್ಲವರಿಗೆ ಮಾತ್ರ ಮಾಡಿ. ಏನೂ ಅಲ್ಲಾಡದ ಕೈಗೆ ಇದು ಆಗುವುದಿಲ್ಲ.