ಉರ್ದು ಮನೆಮಾತಿನ ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ಗಣಿತ: ನಾನು ಪಾಠ ಹಂಚುವ ಬಗೆ

ಸರ್ಕಾರಿ ಶಾಲೆಯ ಇಂಗ್ಲಿಷ್ ಮಾಧ್ಯಮ ವಿಭಾಗ, ನಾಲ್ಕನೇ ತರಗತಿ. ಮಕ್ಕಳು ಮನೆಯಲ್ಲಿ ಆಡುವುದು ದಖನಿ ಉರ್ದು. ಇಲ್ಲಿ ಸಾಲುಸಾಲಿಗೂ ಅನುವಾದ ಹೇಳುವ ಪದ್ಧತಿ ನಡೆಯುವುದಿಲ್ಲ. ಹಿಂದೆಯೇ ಉರ್ದು ಬರುತ್ತದೆಂದು ಗೊತ್ತಾದರೆ ಮಕ್ಕಳು ಇಂಗ್ಲಿಷ್‌ಗೆ ಕಿವಿಗೊಡುವುದಿಲ್ಲ.

40 ನಿಮಿಷದ ಪೀರಿಯಡ್‌ನಲ್ಲಿ ಮೊದಲ 10 ನಿಮಿಷ ಉರ್ದು: ಹುಣಸೆ ಬೀಜ ಹಂಚಿ, ಕಳೆದು, ವಿಷಯ ತಲೆಗೆ ಹತ್ತಬೇಕು. ನಡುವಿನ 20 ನಿಮಿಷ ಇಂಗ್ಲಿಷ್ ಮಾತ್ರ. ಅಲ್ಲಿ ತೊಡಕಾದರೆ ಮತ್ತೆ ಬೀಜ, ಚಿತ್ರ, ಕೈಸನ್ನೆ ಬಳಸುತ್ತೇನೆ, ಭಾಷೆ ಬದಲಿಸುವುದಿಲ್ಲ. ಕೊನೆಯ 10 ನಿಮಿಷ ಮಕ್ಕಳೇ ಉರ್ದುವಿನಲ್ಲಿ ವಿವರಿಸಬೇಕು. ಹೊಸ ಇಂಗ್ಲಿಷ್ ಪದ ದಿನಕ್ಕೆ ಐದೇ. ಕನ್ನಡಕ್ಕೆ ಅದರದೇ ಪೀರಿಯಡ್ ಇದೆ. ಇದರೊಳಗೆ ಅದನ್ನೂ ಬೆರೆಸಿದರೆ ಮೂರೂ ಕೆಡುತ್ತವೆ.

ಹೆಚ್ಚು ಪೆಟ್ಟು ಬೀಳುವುದು ಸಂಖ್ಯೆಗಳಲ್ಲಿ. 42 ಉರ್ದುವಿನಲ್ಲಿ 'ಬಯಾಲೀಸ್': ಬಿಡಿ ಮುಂದೆ, ಹತ್ತು ಹಿಂದೆ. ಇಂಗ್ಲಿಷ್‌ನಲ್ಲಿ ಹತ್ತು ಮೊದಲು. ಮಗು 24 ಬರೆದರೆ ಸ್ಥಾನಬೆಲೆ ಬಾರದೆಂದು ತೀರ್ಮಾನಿಸಬೇಡಿ. ಸಾಲದ್ದಕ್ಕೆ 13ರಿಂದ 19ರವರೆಗೆ ಇಂಗ್ಲಿಷೂ ಬಿಡಿಯನ್ನೇ ಮೊದಲು ಹೇಳುತ್ತದೆ. 'ಥರ್ಟೀನ್', 'ಥರ್ಟಿ' ಕಿವಿಗೆ ಒಂದೇ. ಹಾಗಾಗಿ 20ರಿಂದ 99ರವರೆಗೆ ಕಡ್ಡಿಕಟ್ಟು ಇಟ್ಟು ಹೇಳಿಸಿ, ಆಮೇಲೆ 13–19ಕ್ಕೆ ಮರಳುತ್ತೇನೆ.

ವ್ಯವಕಲನ ಇನ್ನೂ ಕಷ್ಟ. 'ಸಬ್‌ಟ್ರಾಕ್ಟ್ 8 ಫ್ರಮ್ 15' ಎಂದರೆ 8−15 ಎಂದೇ ಬರೆಯುತ್ತಾರೆ. ಉರ್ದುವಿನಲ್ಲೂ ಕನ್ನಡದಲ್ಲೂ 15 ಮೊದಲು ಬರುತ್ತದೆ, ಇಂಗ್ಲಿಷ್‌ನಲ್ಲಿ ಕೊನೆಗೆ. 'ಫ್ರಮ್' ನಂತರದ ಸಂಖ್ಯೆಗೆ ಸುತ್ತು ಹಾಕಿ ಮೊದಲು ಅದನ್ನೇ ಬರೆಸುತ್ತೇನೆ. ಉರ್ದು ಲಿಪಿ ಕಲಿತ ಮಕ್ಕಳಲ್ಲಿ ಕೆಲವರು ಲೆಕ್ಕವನ್ನೂ ಬಲದಿಂದ ಓದುತ್ತಾರೆ. ಕೂಡುವಾಗ ಉತ್ತರ ಕೆಡದ ಕಾರಣ ಇದು ಕಣ್ಣಿಗೆ ಬೀಳುವುದಿಲ್ಲ, ಕಳೆಯುವಾಗ ಬಯಲಾಗುತ್ತದೆ. ಪ್ರತಿ ಲೆಕ್ಕದ ಎಡಗಡೆ ಒಂದು ಬಾಣ ಹಾಕಿಸಿದರೆ ಸಾಕು.

ಕಿರುಪರೀಕ್ಷೆಯಲ್ಲಿ ತಪ್ಪಾದ ಪ್ರಶ್ನೆಯನ್ನು ಉರ್ದುವಿನಲ್ಲಿ ಓದಿ ಹೇಳುತ್ತೇನೆ. ಆಗ ಸರಿಯಾದರೆ ಅದು ಭಾಷೆಯ ತಪ್ಪು, ಆಗಲೂ ತಪ್ಪಾದರೆ ಗಣಿತದ್ದು. ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಕಲಂ. ಇದಿಲ್ಲದೆ ಕೊಡುವ ಪರಿಹಾರ ಬೋಧನೆ ದಂಡ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯ ಇರಬೇಕೆನ್ನುತ್ತದೆ. ಆದರೆ ಪೋಷಕರಿಗೆ ಬೇಕಿರುವುದು ಇಂಗ್ಲಿಷ್. ಅವರಿಗೆ ದ್ವಿಭಾಷಾ ಶಿಕ್ಷಣದ ಸಂಶೋಧಕ ಜಿಮ್ ಕಮಿನ್ಸ್ ಹೇಳಿದ ಲೆಕ್ಕ ಕೊಡುತ್ತೇನೆ: ಹೊಸ ಭಾಷೆಯ ಆಡುಮಾತಿಗೆ ಸುಮಾರು 2 ವರ್ಷ, ಪಾಠದ ಭಾಷೆಗೆ 5ರಿಂದ 7. ಅಷ್ಟು ಕಾಲ ಗಣಿತ ಕಾಯಲಾರದು.

ಮಕ್ಕಳು ಪಳಗಿದಂತೆ ಮೊದಲಿನ ಉರ್ದುವನ್ನು 5 ನಿಮಿಷಕ್ಕೆ ಇಳಿಸಬಹುದು. ಭಿನ್ನರಾಶಿ ಶುರುವಾದಾಗ ಮಾತ್ರ ಅದನ್ನು 15ಕ್ಕೆ ಏರಿಸಿ.