ಈ ವಾರ ಮೆಟ್ಟಿಲು ಗುಡಿಸುವ ಸರದಿ ನಮ್ಮದು

2022ರ ನವೆಂಬರ್‌ನ ಒಂದು ಸೋಮವಾರ. ಆಫೀಸಿಗೆ ಹೊರಡೋಣ ಅಂತ ಬಾಗಿಲು ತೆಗೆದರೆ ಹಿಡಿಕೆಗೆ ಒಂದು ಮರದ ಹಲಗೆ ನೇತಾಡುತ್ತಿತ್ತು. ಅಂಗೈ ಅಗಲದ್ದು. ಮೇಲೆ ಪೊರಕೆಯ ಚಿತ್ರ, ಕೆಳಗೆ ಒಂದೇ ಪದ: ಕೇರ್‌ವೊಖೆ. ಯಾರೋ ಬಾಗಿಲು ತಪ್ಪಿ ಹಾಕಿದ್ದಾರೆ ಅಂದುಕೊಂಡೆ. ತೆಗೆದು ಎದುರು ಮನೆಯ ಹಿಡಿಕೆಗೆ ಸಿಕ್ಕಿಸಿ ಹೊರಟುಹೋದೆ. ಸಂಜೆ ಬಂದು ನೋಡಿದರೆ ಹಲಗೆ ಮತ್ತೆ ನನ್ನ ಬಾಗಿಲಿಗೇ ಬಂದಿತ್ತು.

ನಾನು ತಿಪಟೂರಿನವನು. ಬೆಂಗಳೂರಿನಲ್ಲಿ ಎಂಟು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಆಗ ಆರು ವಾರ ಆಗಿತ್ತು. ಮೊದಲ ತಿಂಗಳು ಆಫೀಸಿನವರು ಕೊಟ್ಟ ರೂಮಿನಲ್ಲಿದ್ದೆ. ಈ ಬಾಡಿಗೆ ಮನೆಗೆ ಬಂದು ಎರಡನೇ ವಾರ. ಮಾರನೇ ದಿನ ಆಫೀಸಿನಲ್ಲಿ ಹಲಗೆಯ ವಿಷಯ ಹೇಳಿದೆ. ಇಡೀ ಟೀಮು ನಕ್ಕಿತು. ಕೇರ್‌ವೊಖೆ ಅಂದರೆ ಗುಡಿಸುವ ವಾರ. ಸ್ಟುಟ್‌ಗಾರ್ಟ್ ಇರುವ ಶ್ವಾಬೆನ್ ಸೀಮೆಯ ಪದ್ಧತಿ ಇದು. ಹಲಗೆ ಯಾರ ಬಾಗಿಲಲ್ಲಿದೆಯೋ ಅವರು ಆ ವಾರ ಮೆಟ್ಟಿಲು ಗುಡಿಸಿ ಒರೆಸಬೇಕು. ಮುಗಿಸಿ ಹಲಗೆಯನ್ನು ಪಕ್ಕದ ಮನೆಗೆ ದಾಟಿಸಬೇಕು. ನಮ್ಮ ಮಹಡಿಯ ಮೆಟ್ಟಿಲು ಚಿಕ್ಕ ಸರದಿ. ಅಂಗಳ, ನೆಲಮಾಳಿಗೆ, ಮನೆ ಮುಂದಿನ ಫುಟ್‌ಪಾತು ದೊಡ್ಡ ಸರದಿ, ಅದು ಇಡೀ ಕಟ್ಟಡದವರಿಗೆ ಸುತ್ತಿ ಬರುತ್ತದೆ. ಎಬರ್‌ಹಾರ್ಡ್ ಎಂಬ ದೊರೆ 1492ರಲ್ಲೇ ಈ ಊರಿನವರಿಗೆ ವಾರವಾರ ತಮ್ಮ ಗಲೀಜು ಊರಾಚೆ ಹಾಕಿ ಅಂತ ಕಟ್ಟಳೆ ಮಾಡಿದ್ದನಂತೆ. ಅಂದರೆ ನಾನು ಎದುರು ಮನೆಗೆ ದಾಟಿಸಿದ್ದು ಐನೂರು ವರ್ಷದ ಸಂಪ್ರದಾಯವನ್ನು!

ಮನೆಯ ಕರಾರು ಪತ್ರ ತೆಗೆದು ನೋಡಿದೆ. ಅದರಲ್ಲೂ ಇದು ಬರೆದಿತ್ತು. ನಾನು ಬಾಡಿಗೆ ಎಷ್ಟು ಅಂತ ನೋಡಿ ಸಹಿ ಹಾಕಿದ್ದೆ, ಅಷ್ಟೆ.

ಇಲ್ಲಿ ನಾನು ಬಿದ್ದ ಎಲ್ಲಾ ಹಳ್ಳಗಳ ಮೂಲವೂ ಇದೇ. ನಮ್ಮ ಕಡೆ ಏನೇ ಗೊತ್ತಾಗಬೇಕಾದರೂ ಬಾಯಿಬಿಟ್ಟು ಕೇಳುತ್ತೇವೆ. ಬಸ್ಸು ಎಷ್ಟಕ್ಕೆ, ಯಾವ ಕೌಂಟರು, ನೀರು ಯಾವಾಗ ಬಿಡ್ತಾರೆ, ಎಲ್ಲಕ್ಕೂ ಯಾರೋ ಒಬ್ಬರು ಇರುತ್ತಾರೆ. ಬೋರ್ಡು ಇದ್ದರೂ ಪಕ್ಕದವರನ್ನು ಒಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುವ ಜನ ನಾವು. ಇಲ್ಲಿ ಎಲ್ಲಾ ಬರೆದಿಟ್ಟಿರುತ್ತಾರೆ. ಓದಿಲ್ಲ ಅಂದರೆ ಅದು ನಿಮ್ಮ ತಪ್ಪು. ಕೋಪಕ್ಕೆ ಹೇಳುವುದಲ್ಲ, ಅವರ ಲೆಕ್ಕ ನಿಜವಾಗಲೂ ಹಾಗೇ.

ಅಂಚೆ ಡಬ್ಬಿಯ ಕಥೆ ಕೇಳಿ. ಮನೆಗೆ ಬಂದ ಎರಡು ವಾರದೊಳಗೆ ನಗರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರು ಸಹಿ ಹಾಕಿದ ಒಂದು ಕಾಗದ ಬೇಕು, ಕರಾರು ಪತ್ರ ಒಂದೇ ಸಾಲದು. ಅದೆಲ್ಲ ಸರಿಯಾಗಿ ಮಾಡಿದೆ. ಆಮೇಲೆ ಬ್ಯಾಂಕಿನ ಕಾರ್ಡು, ತೆರಿಗೆ ನಂಬರು ಅಂಚೆಯಲ್ಲಿ ಬರಬೇಕಿತ್ತು. ಕಾದೆ, ಕಾದೆ, ಬರಲೇ ಇಲ್ಲ. ಫೋನ್ ಮಾಡಿದರೆ ಕಾರ್ಡು ಕಳಿಸಿ ವಾಪಸ್ ಬಂದಿದೆ ಎಂದರು. ಇಲ್ಲಿ ವಿಳಾಸದಲ್ಲಿ ಫ್ಲ್ಯಾಟ್ ನಂಬರೇ ಇರುವುದಿಲ್ಲ. ಡಬ್ಬಿಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ನನ್ನ ಡಬ್ಬಿಯ ಮೇಲೆ ಹಿಂದಿನ ಬಾಡಿಗೆದಾರನ ಹೆಸರು ಹಾಗೇ ಇತ್ತು.

ಹೆಸರು ಬರೆಯಲು ಕೂತರೆ ಇನ್ನೊಂದು ತಲೆನೋವು. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರು ಅಂತ ಇಲ್ಲ ಅಲ್ವಾ? ಊರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ನಮ್ಮ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಆ ಜಾಗದಲ್ಲಿ ಅಪ್ಪನ ಹೆಸರು ತುಂಬಿಸಿದ್ದೆ. ಹಾಗಾಗಿ ಇಲ್ಲಿ ಡಾಕ್ಟರ ಹತ್ತಿರ, ಕಚೇರಿಗಳಲ್ಲಿ ಕೂಗುವುದು ಅಪ್ಪನ ಹೆಸರನ್ನೇ. ಮೊದಲೆರಡು ಸಲ ಕರೆದಾಗ ನಾನು ಎದ್ದೇಳಲೇ ಇಲ್ಲ. ಈಗ ಡಬ್ಬಿಯ ಮೇಲೂ ಬಾಗಿಲ ಮೇಲೂ ಅಪ್ಪನ ಹೆಸರಿದೆ. ಅವರಿಗೆ ಫೋಟೋ ಕಳಿಸಿದೆ. "ಬಾಡಿಗೆ ಮನೆಗಾದರೂ ನನ್ನ ಹೆಸರು ಬಂತಲ್ಲ ಬಿಡಪ್ಪ" ಅಂದರು.

ಹೆಸರು ಹಾಕಿದ ಮೇಲೆ ಕಾಗದಗಳು ಬರತೊಡಗಿದವು. ಅದರಲ್ಲಿ ಒಂದು, ರೇಡಿಯೋ–ಟಿವಿಗೆ ಮೂರು ತಿಂಗಳಿಗೆ 55.08 ಯೂರೋ ಕಟ್ಟಿ ಅಂತ. ನನ್ನ ಹತ್ತಿರ ಟಿವಿಯೇ ಇಲ್ಲ! ಮೋಸದ ಪತ್ರ ಅಂತ ಪಕ್ಕಕ್ಕಿಟ್ಟೆ. ಮತ್ತೊಂದು ಬಂತು, ಸ್ವಲ್ಪ ಗಟ್ಟಿ ದನಿಯಲ್ಲಿ. ಆಮೇಲೆ ತಿಳಿಯಿತು, ಟಿವಿ ಇರಲಿ ಬಿಡಲಿ, ಮನೆಗೆ ಇಷ್ಟು ಅಂತ ಕಟ್ಟಲೇಬೇಕು, ಆಗ ತಿಂಗಳಿಗೆ 18.36. ಅವತ್ತಿನಿಂದ ಒಂದು ರೂಢಿ ಮಾಡಿಕೊಂಡೆ. ಬಂದ ಕಾಗದವನ್ನು ಅವತ್ತೇ ಒಡೆಯುವುದು, ಫೋನಿನಲ್ಲಿ ಫೋಟೋ ಹಿಡಿದು ಅನುವಾದ ನೋಡುವುದು, ಕೊನೆಯ ದಿನಾಂಕವನ್ನು ಕ್ಯಾಲೆಂಡರಿಗೆ ಹಾಕಿ ಫೈಲಿಗೆ ಸೇರಿಸುವುದು. ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕೋಟು ಆಮೇಲೆ ತಗೊಳ್ಳಿ, ಎರಡು ತೂತು ಹೊಡೆಯುವ ಪಂಚಿಂಗ್ ಮೆಷಿನ್ನು, ಒಂದು ದಪ್ಪ ಫೈಲು ಮೊದಲು ತಗೊಳ್ಳಿ.

ಇನ್ನು ಅಡುಗೆಮನೆ. ಮನೆ ನೋಡಲು ಹೋದಾಗ ಅಡುಗೆಮನೆ ತೋರಿಸಿದರು. ಗೋಡೆಯಿಂದ ಎರಡು ನೀರಿನ ಪೈಪು, ಒಂದು ದಪ್ಪ ವೈರು ಹೊರಗೆ ಚಾಚಿಕೊಂಡಿದ್ದವು. ಅಷ್ಟೇ ಅಡುಗೆಮನೆ. ಸಿಂಕು, ಒಲೆ, ಕಪಾಟು ಎಲ್ಲಾ ಬಾಡಿಗೆದಾರರೇ ತರಬೇಕು, ಹೋಗುವಾಗ ಕಿತ್ತುಕೊಂಡು ಹೋಗಬೇಕು. ಎಲ್ಲ ಮನೆಯೂ ಹೀಗಿರುವುದಿಲ್ಲ, ಆದರೆ ನನಗೆ ಸಿಕ್ಕಿದ್ದು ಹೀಗಿತ್ತು. ಕ್ರಿಸ್‌ಮಸ್‌ವರೆಗೆ ಒಂದೇ ಕರೆಂಟ್ ಒಲೆಯಲ್ಲಿ ಕುಕ್ಕರ್ ಇಟ್ಟು, ಬಚ್ಚಲಲ್ಲಿ ಪಾತ್ರೆ ತೊಳೆದೆ. ಆಮೇಲೆ ಮನೆ ಖಾಲಿ ಮಾಡುತ್ತಿದ್ದ ಒಬ್ಬರಿಂದ ಹಳೇ ಅಡುಗೆಮನೆಯನ್ನೇ ಇಡಿಯಾಗಿ ಕೊಂಡೆ.

ಮೊಸರು ಹೆಪ್ಪು ಕೂತಿದ್ದು ಅದರ ಜೊತೆ ಬಂದ ಓವನ್‌ನಿಂದ. ಅಲ್ಲಿಯವರೆಗೆ ನಾಲ್ಕೈದು ಸಲ ಹಾಲು ಹಾಲಾಗೇ ಉಳಿದಿತ್ತು. ಕೊಬ್ಬು 3.5 ಇರುವ ಹಾಲು ಕಾಯಿಸಿ, ಬೆರಳು ಅದ್ದಿದರೆ ಸುಡದಷ್ಟು ಆರಿಸಿ, ಅಂಗಡಿಯ ಸಾದಾ ಯೋಗರ್ಟ್ ಒಂದು ಚಮಚ ಕಲಸಿ, ಓವನ್ ಒಳಗಿಟ್ಟು ದೀಪ ಮಾತ್ರ ಹಾಕಿ ಮಲಗಿದೆ. ಓವನ್ ಹಚ್ಚಬಾರದು, ದೀಪದ ಕಾವೇ ಸಾಕು. ಬೆಳಿಗ್ಗೆ ಪಾತ್ರೆ ಓರೆ ಮಾಡಿದರೆ ಅಲುಗಲಿಲ್ಲ. ದೋಸೆ ಹಿಟ್ಟು ಹುಳಿ ಬರಿಸುವುದೂ ಈಗ ಅಲ್ಲೇ. ಮೊಸರನ್ನಕ್ಕೆ ಮಾತ್ರ ಶುರುವಿನಲ್ಲಿ ಬೇಸ್ತು ಬಿದ್ದೆ. ಚಿತ್ರ ನೋಡಿ ತಂದ ಅಕ್ಕಿ ಅವರ ಹಾಲುಪಾಯಸದ್ದು, ಬೇಯಿಸಿದರೆ ಬರೀ ಅಂಟು.

ಮಿಕ್ಸಿ ಊರಿಂದಲೇ ಹೊತ್ತು ತಂದಿದ್ದೆ. ಕರೆಂಟು ನಮ್ಮಲ್ಲಿಯಂತೇ 230 ವೋಲ್ಟು, ಪ್ಲಗ್ಗಿನ ಮೂತಿ ಮಾತ್ರ ಬೇರೆ. ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ ಕಾಯಿಚಟ್ನಿಗೆ ಮಿಕ್ಸಿ ಹಾಕಿದೆ. ಅದರ ಸದ್ದು ನಿಮಗೆ ಗೊತ್ತಲ್ಲ, ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ. ಕೆಳಗಿನ ಮನೆಯವರು ಸೂರಿಗೆ ಕೋಲಿನಿಂದ ಮೂರು ಸಲ ಕುಟ್ಟಿದರು. ಭಾನುವಾರ ಇಲ್ಲಿ ಸದ್ದು ಮಾಡುವಂತಿಲ್ಲ. ಅಂಗಡಿಗಳೂ ಮುಚ್ಚಿರುತ್ತವೆ. ಮೊದಲ ಭಾನುವಾರ ಅಕ್ಕಿ ಮುಗಿದು, ಸ್ಟೇಷನ್ನಿನ ಬೇಕರಿಯಿಂದ ತಂದ ಬ್ರೆಟ್ಸೆಲ್ ಎಂಬ ಬ್ರೆಡ್ಡಿಗೆ ಚಟ್ನಿಪುಡಿ ಹಾಕಿಕೊಂಡು ತಿಂದಿದ್ದೇನೆ. ಪರವಾಗಿಲ್ಲ, ಚೆನ್ನಾಗಿಯೇ ಇತ್ತು. ಇನ್ನೊಂದು ಭಾನುವಾರ ಬಿಡುವಿದೆ ಅಂತ ಖಾಲಿ ಗಾಜಿನ ಬಾಟಲಿಗಳನ್ನು ಬೀದಿಯ ದೊಡ್ಡ ಡಬ್ಬಕ್ಕೆ ಎಸೆಯುತ್ತಿದ್ದೆ. ಮೇಲಿನ ಕಿಟಕಿ ತೆರೆದು ಒಬ್ಬರು ಏನೋ ಕೂಗಿದರು. ಡಬ್ಬದ ಮೇಲೆಯೇ ಬರೆದಿತ್ತು, ಭಾನುವಾರ ಬೇಡ ಅಂತ. ಈಗ ಚಟ್ನಿ ಶನಿವಾರ ಸಂಜೆಯೇ ತಯಾರು, ಒಗ್ಗರಣೆ ಮಾತ್ರ ಭಾನುವಾರ.

ಎದುರು ಮನೆಯ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಹಲಗೆಯನ್ನು ವಾಪಸ್ ನೇತುಹಾಕಿದವರು ಅವರೇ. ಎಪ್ಪತ್ತೈದರ ಆಸುಪಾಸು, ಒಬ್ಬರೇ ಇರುತ್ತಾರೆ. ಆ ಶನಿವಾರ ನಾನು ಪೊರಕೆ ತಗೊಂಡು ಎರಡು ನಿಮಿಷದಲ್ಲಿ ಮೆಟ್ಟಿಲು ಗುಡಿಸಿ ಹಲಗೆ ದಾಟಿಸಿದೆ. ಐದು ನಿಮಿಷಕ್ಕೆ ಗಂಟೆ ಬಾರಿಸಿದರು. ಮೂಲೆ ತೋರಿಸಿದರು, ಕೈಹಿಡಿ ತೋರಿಸಿದರು, ಕಿಟಕಿಯ ದಂಡೆ ತೋರಿಸಿದರು. ನಾಳಿದ್ದು ಸೋಮವಾರ ಹಾಲ್ಬ್ ಆಖ್ಟ್‌ಗೆ ಬಾ, ತೋರಿಸಿಕೊಡುತ್ತೇನೆ ಎಂದರು. ಆಖ್ಟ್ ಅಂದರೆ ಎಂಟು, ಹಾಲ್ಬ್ ಅಂದರೆ ಅರ್ಧ, ನನಗೂ ಗೊತ್ತಿತ್ತು. ಎಂಟೂವರೆಗೆ ಸರಿಯಾಗಿ ಹೋಗಿ ಬಾಗಿಲು ತಟ್ಟಿದೆ. ಬಕೆಟ್ಟಿನ ನೀರು ತಣ್ಣಗಾಗಿತ್ತು, ಅವರ ಮುಖ ಬಿಸಿಯಾಗಿತ್ತು. ನಮ್ಮದು ಏಳಕ್ಕೆ ಅರ್ಧ ಕೂಡಿಸಿ ಏಳೂವರೆ. ಇವರ ಹಾಲ್ಬ್ ಆಖ್ಟ್ ಕೂಡ ಅದೇ ಏಳೂವರೆ, ಎಂಟಕ್ಕೆ ಹೋಗುವ ದಾರಿಯಲ್ಲಿ ಅರ್ಧ. ಗಡಿಯಾರ ಒಂದೇ, ನಾವು ಹಿಂದಿನ ಗಂಟೆಯಿಂದ ಎಣಿಸುತ್ತೇವೆ, ಅವರು ಮುಂದಿನದಕ್ಕೆ.

ಆದರೂ ತೋರಿಸಿಕೊಟ್ಟರು. ಮೊದಲು ಕೈಹಿಡಿಗೆ ಒದ್ದೆ ಬಟ್ಟೆ. ಆಮೇಲೆ ಕಿಟಕಿ ದಂಡೆ. ಆಮೇಲೆ ಮೇಲಿನ ಮೆಟ್ಟಿಲಿನಿಂದ ಶುರು ಮಾಡಿ ಒಂದೊಂದೇ ಗುಡಿಸಿ, ಮತ್ತೆ ಮೇಲಿನಿಂದ ಒರೆಸುತ್ತಾ ಹಿಮ್ಮುಖವಾಗಿ ಇಳಿಯುವುದು. ಮೂಲೆಗೆ ಬೆರಳಿಗೆ ಬಟ್ಟೆ ಸುತ್ತಿ ತಿರುವಬೇಕು. ನಡುವೆ ಎರಡು ಸಲ ನೀರು ಬದಲಿಸಬೇಕು. ಅಮ್ಮ ನಡುಮನೆ ಒರೆಸುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಒದ್ದೆ ನೆಲ ತುಳಿದು ಬೈಸಿಕೊಂಡಿದ್ದು ಬಿಟ್ಟರೆ ನಾನು ಆ ಕೆಲಸದಲ್ಲಿ ಯಾವತ್ತೂ ಪಾಲುಗೊಂಡವನಲ್ಲ. ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ: "ಮೆಟ್ಟಿಲು ಒರೆಸೋಕೆ ಜರ್ಮನಿಗೆ ಹೋಗಬೇಕಾಗಿತ್ತಾ?"

ಮುಂದಿನ ಸರದಿಯಲ್ಲಿ ಮುಕ್ಕಾಲು ಗಂಟೆ ಮಾಡಿದೆ. ಅಜ್ಜಿ ಹೊರಗೆ ಬಂದು, ಮೇಲಿಂದ ಕೆಳಗೆ ನೋಡಿ, ಏನೂ ಹೇಳದೆ ಒಳಗೆ ಹೋದರು. ಇನ್ನೇನು ತಪ್ಪಾಯಿತೋ ಅಂತ ಚಿಂತೆಯಾಯಿತು. ಆಫೀಸಿನಲ್ಲಿ ಇದೇ ಸೀಮೆಯ ಸಹೋದ್ಯೋಗಿ ಬಿಡಿಸಿ ಹೇಳಿದ. ಬೈಯಲಿಲ್ಲ ಅಂದರೆ ಹೊಗಳಿದ ಹಾಗೆ, ಹೀಗಂತ ಅವರಲ್ಲಿ ಗಾದೆಯೇ ಇದೆಯಂತೆ. ನಮ್ಮ ತಾತನೂ ಇದೇ ಜಾತಿಯವರು.

ಭಾಷೆಯಲ್ಲಿ ಒಂದು ಅನುಕೂಲ ಇತ್ತು. ಜರ್ಮನ್‌ನಲ್ಲೂ ನಮ್ಮ ಹಾಗೆ ನೀನು, ನೀವು ಬೇರೆ ಬೇರೆ. ಆದರೆ ಹಂಚಿಕೆ ಉಲ್ಟಾ. ಆಫೀಸಿನಲ್ಲಿ ಮ್ಯಾನೇಜರಿಗೂ ನೀನು ಅನ್ನಬೇಕು, ಅದಕ್ಕೆ ನನ್ನ ಬಾಯಿ ಇವತ್ತಿಗೂ ತೊದಲುತ್ತದೆ. ಅಜ್ಜಿಗೆ ನಾನು ನೀವು, ನನಗೆ ಅಜ್ಜಿಯೂ ನೀವು. ಎರಡು ವರ್ಷವಾದರೂ ಅದು ಇಳಿದಿಲ್ಲ.

ಬಂದ ಮೊದಲ ವಸಂತದಲ್ಲಿ, ಒಂದು ಶನಿವಾರ ಎಸ್–ಬಾನ್ ಎಂಬ ಲೋಕಲ್ ರೈಲು ಹತ್ತಿ ಪಕ್ಕದ ಎಸ್ಲಿಂಗೆನ್‌ಗೆ ಹೋಗಿದ್ದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡಿದ್ದು ಅಲ್ಲಿ. ನಿಘಂಟಿನ ಕಿಟೆಲ್ ಕೊನೆಗಾಲ ಕಳೆದ ಟ್ಯೂಬಿಂಗೆನ್ ಕೂಡ ಇಲ್ಲಿಂದ ರೈಲಿನಲ್ಲಿ ಗಂಟೆಯ ದಾರಿ. ಸೇತುವೆ ಮೇಲೆ ನಿಂತು ನೆಕಾರ್ ನದಿ ನೋಡುತ್ತಾ ನಗು ಬಂತು. ಈ ಕಡೆಯಿಂದ ಹೋದವರು ಕನ್ನಡ ಕಲಿತು ಪತ್ರಿಕೆ, ನಿಘಂಟು ಮಾಡಿದರು. ಆ ಕಡೆಯಿಂದ ಬಂದ ನಾನು ಕಸದ ಕ್ಯಾಲೆಂಡರ್ ಓದಲು ಒದ್ದಾಡುತ್ತಿದ್ದೇನೆ. ಮೋಗ್ಲಿಂಗ್ ಕೂಡ ಮಂಗಳೂರಿನಲ್ಲಿ ಮೊದಲ ವರ್ಷ ಯಾರ ಹತ್ತಿರವೋ ಬೈಸಿಕೊಂಡಿರಬೇಕು, ಅದನ್ನು ಬರೆದಿಟ್ಟಿದ್ದರೆ ಓದಬಹುದಿತ್ತು.

ಮೊದಲ ಚಳಿಗಾಲದ ಒಂದು ಪೆಟ್ಟು ಹೇಳಲೇಬೇಕು. ಚಳಿ ಅಂತ ಕಿಟಕಿ ಬಿಗಿಯಾಗಿ ಮುಚ್ಚಿ, ಒಳಗೇ ಅನ್ನ ಬೇಯಿಸಿ, ಒಳಗೇ ಬಟ್ಟೆ ಒಣಗಿಸಿದೆ. ಫೆಬ್ರವರಿಯಲ್ಲಿ ಮಂಚ ಸರಿಸಿ ನೋಡಿದರೆ ಗೋಡೆ ತುಂಬಾ ಕಪ್ಪು ಬೂಸ್ಟು. ಹೊರಗೆ ಸೊನ್ನೆಗಿಂತ ಕೆಳಗಿದ್ದರೂ ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆರೆದು ಐದು ನಿಮಿಷ ಬಿಡಬೇಕು. ಒಳಗಿನ ಹಬೆ ಹೊರಗೆ ಹೋಗುತ್ತದೆ, ಅಷ್ಟರಲ್ಲಿ ಗೋಡೆ ತಣ್ಣಗಾಗುವುದಿಲ್ಲ. ಸ್ವಲ್ಪವೇ ಓರೆ ಮಾಡಿ ಇಡೀ ದಿನ ಬಿಟ್ಟರೆ ಗೋಡೆ ತಣಿದು ಬೂಸ್ಟು ಇನ್ನೂ ಜಾಸ್ತಿ. ಇದೂ ಕರಾರಿನಲ್ಲಿತ್ತು, ಕಿಟಕಿ ತೆರೆಯುವುದಕ್ಕೇ ಒಂದು ಪ್ಯಾರಾ. ಮಂಚ ಈಗ ಗೋಡೆಯಿಂದ ಒಂದು ಗೇಣು ದೂರ ಇದೆ.

2023ರಲ್ಲಿ ಹೆಂಡತಿ ಬಂದಳು. ಹಲಗೆಯ ಕಥೆ ಹೇಳಿದರೆ ನಂಬಲಿಲ್ಲ, ಬಂದ ವಾರವೇ ಅದು ಬಾಗಿಲಿಗೆ ಬಂತು. ಅವಳು ನನ್ನ ಹಾಗಲ್ಲ. ಓದುತ್ತಾ ಕೂರದೆ, ಬರುವ ನಾಲ್ಕು ಜರ್ಮನ್ ಪದ ಇಟ್ಟುಕೊಂಡು ಅಜ್ಜಿಯನ್ನೇ ಕೇಳುತ್ತಾಳೆ. ಕೇಳಿದರೆ ಅಜ್ಜಿ ಹೇಳುತ್ತಾರೆ, ಬೇಕಾದ್ದಕ್ಕಿಂತ ಜಾಸ್ತಿಯೇ. ನಾನೂ ಕೇಳಬಹುದಿತ್ತು, ತಪ್ಪಾಗುತ್ತದೆ ಅಂತ ಬಾಯಿ ಮುಚ್ಚಿಕೊಂಡು ಓಡಾಡಿದೆ. ಕೊತ್ತಂಬರಿ ಸೊಪ್ಪು ಟರ್ಕಿಯವರ ಅಂಗಡಿಯಲ್ಲಿ ದೊಡ್ಡ ಕಟ್ಟು ಸಿಗುತ್ತದೆ ಎಂದು ನಮಗೆ ಹೇಳಿಕೊಟ್ಟಿದ್ದು ಅಜ್ಜಿಯೇ!

ಈ ವಾರ ಎರಡೂ ಸರದಿ ನಮ್ಮ ಪಾಲಿಗೇ ಬಂದಿವೆ, ಚಿಕ್ಕದೂ ದೊಡ್ಡದೂ. ರಾತ್ರಿ ಹಿಮ ಬೀಳುತ್ತದಂತೆ. ಬೆಳಿಗ್ಗೆ 7ರೊಳಗೆ ಮನೆ ಮುಂದಿನ ಫುಟ್‌ಪಾತಿನ ಹಿಮ ಬಳಿದು ತೆಗೆದಿರಬೇಕು, ಯಾರಾದರೂ ಜಾರಿ ಬಿದ್ದರೆ ಜವಾಬ್ದಾರಿ ನಮ್ಮದು. ಸಲಿಕೆ ಬಾಗಿಲ ಪಕ್ಕ ಇದೆ, ಎರಚಲು ಸಣ್ಣ ಜಲ್ಲಿಯ ಚೀಲ ತಂದಾಗಿದೆ. ಅಲಾರಂ ಹಾಲ್ಬ್ ಜೆಕ್ಸ್‌ಗೆ ಇಟ್ಟಿದ್ದೇನೆ, ಅಂದರೆ ಐದೂವರೆಗೆ. ಎರಡು ಸಲ ನೋಡಿಕೊಂಡೆ.