ಸರಾಸರಿ ತೆಗೆದು ಕೆಟ್ಟೆ

ನಮ್ಮ ಬಡಾವಣೆ ಹಿಂದಿನ ರಾಜಕಾಲುವೆಗೆ ಒಂದು ಮಳೆಗೆ ಎಷ್ಟು ನೀರು ಬರುತ್ತದೆ? ಲೆಕ್ಕ ಹಾಕಲು ನಾನೂ ಎಲ್ಲರಂತೆ ಕರ್ವ್ ನಂಬರ್ ವಿಧಾನವನ್ನೇ ಹಿಡಿದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಹೊಲಗಳನ್ನು ನೋಡಿ ಮಾಡಿದ್ದು ಅದು. ನೆಲಕ್ಕೊಂದು ನಂಬರ್ ಕೊಡಬೇಕು; ನಂಬರ್ ಹೆಚ್ಚಿದಷ್ಟೂ ಇಂಗುವುದು ಕಡಿಮೆ, ಹರಿದು ಹೋಗುವುದು ಜಾಸ್ತಿ. ಕಾಂಕ್ರೀಟಿಗೆ 98. ಹುಲ್ಲು ಬೆಳೆದ ಕೆಂಪು ಮಣ್ಣಿಗೆ 72 ಇಟ್ಟೆ. ಅರ್ಧ ಅದು, ಅರ್ಧ ಇದು. ಸರಾಸರಿ 85. ಸುಲಭ ಅಲ್ವಾ?

ಮೇ ತಿಂಗಳ ಒಂದು ಸಂಜೆ 40 ಮಿ.ಮೀ. ಸುರಿಯಿತು. ಮಾಡೆಲ್ ಪ್ರಕಾರ ಹರಿದು ಹೋಗಬೇಕಾದದ್ದು 12.7 ಮಿ.ಮೀ. ಕಾಲುವೆ ಗೋಡೆಗೆ ನಾನು ಬಳಿದಿದ್ದ ಪೇಂಟ್ ಗುರುತುಗಳನ್ನು ನೋಡಿದರೆ ಅದಕ್ಕಿಂತ ಎಷ್ಟೋ ಜಾಸ್ತಿ.

ಮೊದಲು ಮಳೆ ಅಳತೆಯ ಮೇಲೇ ಅನುಮಾನ. ಯಲಹಂಕದಲ್ಲಿ ಧೋ ಅಂತ ಸುರಿಯುವಾಗ ಜಯನಗರದಲ್ಲಿ ಬಟ್ಟೆ ಒಣಗುವ ಊರು ಇದು. ನಮ್ಮ ತಾರಸಿಗೇ ಒಂದು ಮಳೆಮಾಪಕ ತಂದಿಟ್ಟೆ. ಆಮೇಲೆ ಹೊಳೆಯಿತು, ಕಾಲುವೆಯಲ್ಲಿ ವರ್ಷವಿಡೀ ಕೊಳಚೆ ಹರಿಯುತ್ತದಲ್ಲ! ಅದನ್ನೂ ಮಳೆ ನೀರಿಗೆ ಸೇರಿಸಿದ್ದೆ. ಮಳೆಗೆ ಮುಂಚಿನ ಹರಿವನ್ನು ಕಳೆದೆ. (ಮೊದಲು ಆಳವನ್ನೇ ಕಳೆದು ಒಂದು ವಾರ ಹಾಳು ಮಾಡಿಕೊಂಡೆ. ಆಳ ಎರಡರಷ್ಟಾದರೆ ಹರಿವು ಎರಡರಷ್ಟಕ್ಕೇ ನಿಲ್ಲುವುದಿಲ್ಲ.) ವ್ಯತ್ಯಾಸ ಕಡಿಮೆಯಾಯಿತು, ಹೋಗಲಿಲ್ಲ.

ತಪ್ಪು ಇದ್ದದ್ದು ಆ 85ರಲ್ಲಿ. ಈ ಸೂತ್ರ ನೇರ ಗೆರೆಯಲ್ಲ, ಬಾಗಿದ ಗೆರೆ. ನಂಬರಿನ ಸರಾಸರಿಯೇ ಬೇರೆ, ನೀರಿನ ಸರಾಸರಿಯೇ ಬೇರೆ. ಬೇರೆ ಬೇರೆಯಾಗಿ ಲೆಕ್ಕ ಹಾಕಿದರೆ ಕಾಂಕ್ರೀಟಿನಿಂದ 34.4, ಮಣ್ಣಿನಿಂದ 3.4 ಮಿ.ಮೀ. ಅರ್ಧರ್ಧ ಸೇರಿಸಿದರೆ 18.9. ಅದೇ ಮಳೆ, ಅದೇ ನೆಲ, ನೀರು ಮಾತ್ರ ಒಂದೂವರೆ ಪಟ್ಟು.

ಹಾಗಂತ ಕಾಂಕ್ರೀಟೆಲ್ಲ ಒಂದೇ ಅಲ್ಲ. ಎರಡು ಭಾನುವಾರ ಚಪ್ಪಲಿ ಸವೆಸಿ ಪ್ರತಿ ತಾರಸಿಯ ಪೈಪ್ ನೋಡಿಕೊಂಡು ಬಂದೆ. ಕೆಲವು ನೇರ ಚರಂಡಿಗೆ, ಕೆಲವು ಕೈತೋಟಕ್ಕೆ, ಕೆಲವು ಮಳೆಕೊಯ್ಲಿನ ಸಂಪಿಗೆ. ಚರಂಡಿಗೆ ಸೇರುವುದಕ್ಕೆ ಮಾತ್ರ 98 ಉಳಿಸಿದೆ. ಸ್ಯಾಟಲೈಟ್ ಚಿತ್ರ ನೋಡಿದರೆ ಇದು ಗೊತ್ತಾಗಲ್ಲ.

ಮಣ್ಣಿನ 72 ಕೂಡ ವರ್ಷಪೂರ್ತಿ ನಿಲ್ಲುವುದಿಲ್ಲ. ಅಕ್ಟೋಬರಿನಲ್ಲಿ ನಾಲ್ಕು ದಿನ ನೆನೆದ ನೆಲಕ್ಕೆ ಅದು 86 ಆಗುತ್ತದೆ. ಆಗ ಅದೇ 40 ಮಿ.ಮೀ.ಗೆ ಮಣ್ಣಿನಿಂದಲೇ 13.8 ಹರಿಯುತ್ತದೆ, ನಾಲ್ಕು ಪಟ್ಟು! ಹಾಗಾಗಿ ಈಗ ಹಿಂದಿನ ಐದು ದಿನದ ಮಳೆಯನ್ನೂ ಬರೆದಿಡುತ್ತೇನೆ.

ಇನ್ನೂ ಕಾಡುತ್ತಿರುವುದು ಮೋರಿಗೆ ಸಿಕ್ಕಿಕೊಳ್ಳುವ ಕಸ. ನೀರು ಹಿಂದಕ್ಕೆ ಕಟ್ಟಿಕೊಂಡರೆ ಪೇಂಟ್ ಗುರುತು ಎತ್ತರ ತೋರಿಸುತ್ತದೆ, ಹರಿವು ತೋರಿಸಲ್ಲ. ಅಂಥ ಮಳೆಗಳನ್ನು ಸದ್ಯಕ್ಕೆ ಪಟ್ಟಿಯಿಂದಲೇ ತೆಗೆದುಬಿಟ್ಟಿದ್ದೇನೆ.